ಚಳಿಗಾಲದ ತೋಟಕ್ಕೆ ಹುಲ್ಲು: ಹಲಗೂರು ಸೀಮೆಯ ಲೆಕ್ಕ ಬೇರೆ

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಈ ಸಂಚಿಕೆಗೆ ವಿಷಯ ಕೊಟ್ಟವರು ನಮ್ಮ ಕೇಳುಗರೊಬ್ಬರು. ಮಳವಳ್ಳಿ ತಾಲ್ಲೂಕಿನ ಹಲಗೂರು ಕಡೆ, ಮುತ್ತತ್ತಿಗೆ ಹೋಗುವ ದಾರಿಯ ಪಕ್ಕದಲ್ಲಿ ಸ್ವಲ್ಪ ಜಮೀನು ಮಾಡಿಕೊಂಡಿದ್ದಾರೆ. ಮನೆ ಮುಂದೆ ತೋಟ ಮಾಡಬೇಕಂತೆ. ಫೋನಿನಲ್ಲಿ ಹೊರದೇಶದ ತೋಟಗಳ ಫೋಟೋ ನೋಡಿದ್ದಾರೆ: ಹೂವೇ ಇಲ್ಲ, ಬರೀ ಎತ್ತರದ ಹುಲ್ಲು, ಬೆಳ್ಳಗಿನ ತೆನೆ, ಅದರ ಮೇಲೆ ಚಳಿಗಾಲದ ಬಿಸಿಲು. "ಇದು ನಮ್ಮ ಕಡೆ ಬರುತ್ತಾ? ನಮ್ಮಮ್ಮ ಮಾತ್ರ, ಒಣಹುಲ್ಲು ಸಾಕೋಕೆ ಇಷ್ಟು ದುಡ್ಡು ಕೊಟ್ಟು ಜಮೀನು ತಗೊಂಡ್ಯಾ ಅಂತ ಬಯ್ತಾ ಇದ್ದಾರೆ" ಎಂದು ಕೇಳಿದ್ದಾರೆ.

ಬರುತ್ತೆ. ಚೆನ್ನಾಗಿಯೇ ಬರುತ್ತೆ. ಆದರೆ ಅಮ್ಮನ ಮಾತನ್ನೂ ತಳ್ಳಿಹಾಕಬೇಡಿ. ಅವರು ಹೇಳದೇ ಬಿಟ್ಟ ಒಂದು ಕಾರಣ ಅದರೊಳಗಿದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಈ ಫೋಟೋಗಳು ಎಲ್ಲಿಂದ ಬಂದವು ಅಂತ ನೋಡೋಣ. ಜರ್ಮನಿಯ ಪಾಟ್ಸ್‌ಡ್ಯಾಮ್ ಹತ್ತಿರ ಕಾರ್ಲ್ ಫೋರ್ಸ್ಟರ್ ಅಂತ ಒಬ್ಬ ನರ್ಸರಿಯವರಿದ್ದರು. 1874ರಲ್ಲಿ ಹುಟ್ಟಿ 1970ರವರೆಗೆ ಬದುಕಿದವರು. ಹುಲ್ಲನ್ನೂ ಹೂವಿನ ಗಿಡದಷ್ಟೇ ಮರ್ಯಾದೆಯಿಂದ ತೋಟದಲ್ಲಿ ಕೂರಿಸಬೇಕು ಅಂತ ಹಟ ಹಿಡಿದವರಲ್ಲಿ ಅವರು ಮುಖ್ಯರು. ಅವರ ಹೆಸರಿನದೇ ಒಂದು ಹುಲ್ಲಿನ ತಳಿ ಇವತ್ತಿಗೂ ಅಲ್ಲಿನ ನರ್ಸರಿಗಳಲ್ಲಿ ಮಾರಾಟವಾಗುತ್ತೆ. ಆಮೇಲೆ ನೆದರ್‌ಲ್ಯಾಂಡ್ಸ್‌ನ ಪೀಟ್ ಔಡಾಲ್ಫ್ ಇದನ್ನು ಜಗತ್ತಿಗೇ ಹಬ್ಬಿಸಿದರು. ನ್ಯೂಯಾರ್ಕ್‌ನಲ್ಲಿ ಹಳೇ ರೈಲು ಹಳಿಯ ಮೇಲೆ ಮಾಡಿರುವ ಹೈಲೈನ್ ಪಾರ್ಕ್, 2009ರಲ್ಲಿ ಜನರಿಗೆ ತೆರೆದದ್ದು, ಅದರ ಗಿಡಗಳ ಯೋಜನೆ ಅವರದೇ. ಗಿಡ ಹಸಿರಾಗಿದ್ದಾಗ ಮಾತ್ರ ಚೆಂದ ಅಲ್ಲ, ಒಣಗಿ ನಿಂತಾಗಲೂ ಅದಕ್ಕೊಂದು ರೂಪ ಇದೆ, ಅದನ್ನು ಕೊಯ್ಯದೆ ಚಳಿಗಾಲ ಪೂರ್ತಿ ಬಿಡಿ ಅನ್ನೋದು ಇವರ ವಾದ. ಅಲ್ಲಿ ಚಳಿಗಾಲ ಅಂದರೆ ಎಲೆ ಉದುರಿ, ನೆಲ ಹೆಪ್ಪುಗಟ್ಟಿ, ತೋಟದಲ್ಲಿ ನೋಡೋಕೆ ಏನೂ ಇರಲ್ಲ. ಹುಲ್ಲಿನ ಮೇಲೆ ಹಿಮದ ಪುಡಿ ಕೂತರೆ ಅದೇ ಹೂವು. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಕೊಯ್ತಾರೆ, ಹೊಸ ಚಿಗುರು ಬರುತ್ತೆ.

ನಮ್ಮ ಚಳಿಗಾಲ ಹಾಗಲ್ಲ. ಹಲಗೂರು ಸೀಮೆಯಲ್ಲಿ ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದೀಪಾವಳಿ ಕಳೆದ ಮೇಲೆ ಒಂದೆರಡು ಸೋನೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಧನುರ್ಮಾಸದಲ್ಲಿ ಬೆಳಿಗ್ಗೆ ಮಂಜು, ಹುಲ್ಲಿನ ತುದಿಯಲ್ಲಿ ಇಬ್ಬನಿ, ಹತ್ತು ಗಂಟೆಗೆಲ್ಲಾ ಚುರುಚುರು ಬಿಸಿಲು. ಅಂದರೆ ನಮ್ಮ ಹುಲ್ಲು ಚಳಿಗೆ ಸಾಯೋದಿಲ್ಲ, ನೀರಿಲ್ಲದೆ ಒಣಗುತ್ತೆ. ಈ ಒಂದು ವ್ಯತ್ಯಾಸದಿಂದಲೇ ಅವರ ಪುಸ್ತಕದ ಕ್ಯಾಲೆಂಡರ್ ನಮಗೆ ಹೊಂದಲ್ಲ.

ಹುಲ್ಲು ಚಳಿಗಾಲದಲ್ಲೇ ಯಾಕೆ ತೆನೆ ಬಿಟ್ಟು ನಿಲ್ಲುತ್ತೆ? ಮಂಡ್ಯದವರಿಗೆ ಇದನ್ನು ಕಬ್ಬಿನಲ್ಲೇ ತೋರಿಸಬಹುದು. ಕಬ್ಬೂ ಒಂದು ಹುಲ್ಲೇ. ನವೆಂಬರ್, ಡಿಸೆಂಬರ್‌ನಲ್ಲಿ ಕಬ್ಬಿನ ಗದ್ದೆ ಮೇಲೆ ಬೆಳ್ಳಿ ಬಣ್ಣದ ಸೂಲಂಗಿ ಏಳುತ್ತಲ್ಲ, ಅದೇ ಅದರ ಹೂವು. ಮಳೆಗಾಲದ ಕೊನೆಗೆ ಹಗಲು ಕುಗ್ಗುತ್ತಾ ಬರುತ್ತೆ. ಹಗಲು ಹನ್ನೆರಡೂವರೆ ಗಂಟೆಯ ಆಸುಪಾಸಿಗೆ ಬಂದಾಗ ಕಬ್ಬಿನ ತುದಿಯಲ್ಲಿ ಎಲೆ ಹುಟ್ಟೋದು ನಿಂತು ಹೂವಿನ ಮೊಗ್ಗು ಶುರುವಾಗುತ್ತೆ, ಕೆಲವು ವಾರಗಳ ಮೇಲೆ ಸೂಲಂಗಿ ಹೊರಗೆ ಬರುತ್ತೆ. ರೈತನಿಗೆ ಇದು ಬೇಡದ ಹೂವು. ಸೂಲಂಗಿ ಬಂತು ಅಂದರೆ ಕಬ್ಬಿನ ಬೆಳವಣಿಗೆ ನಿಂತಿತು, ಬೇಗ ಕಡಿಯದಿದ್ದರೆ ಒಳಗೆ ಬೆಂಡಾಗುತ್ತೆ. ಆದರೆ ಸಂಜೆ ಐದು ಗಂಟೆಗೆ ಸೂರ್ಯನ ಕಡೆ ಮುಖ ಮಾಡಿ ಆ ಗದ್ದೆ ನೋಡಿದರೆ, ಔಡಾಲ್ಫ್ ಸಾಹೇಬರು ಕೋಟಿ ಖರ್ಚು ಮಾಡಿಸಿ ಮಾಡಿದ್ದು ಇದೇ ಅಲ್ವಾ ಅನ್ನಿಸುತ್ತೆ. ನಮ್ಮ ಬಯಲಿನ ಬಹಳಷ್ಟು ಹುಲ್ಲುಗಳ ಪಂಚಾಂಗವೂ ಹೆಚ್ಚು ಕಡಿಮೆ ಹೀಗೇ. ಮಳೆಯಲ್ಲಿ ಬೆಳೆ, ಹಗಲು ಕುಗ್ಗಿದಾಗ ತೆನೆ, ಮಾಗಿಯಲ್ಲಿ ಒಣಗು.

ಒಣಗಿದ ಮೇಲೂ ನೆಟ್ಟಗೆ ನಿಲ್ಲೋದಕ್ಕೆ ಕಾರಣ ಸಿಲಿಕಾ. ಮರಳಿನಲ್ಲಿರುತ್ತಲ್ಲ, ಅದೇ. ಹುಲ್ಲು ಮಣ್ಣಿನಿಂದ ಇದನ್ನು ಎಳೆದುಕೊಂಡು ಎಲೆ, ಕಡ್ಡಿಯಲ್ಲಿ ಸಣ್ಣ ಗಾಜಿನ ಚೂರುಗಳ ಹಾಗೆ ಕೂಡಿಡುತ್ತೆ. ಕಬ್ಬಿನ ಗರಿ ಕೈ ಕೊಯ್ಯೋದು, ಭತ್ತದ ಹೊಟ್ಟು ಸುಟ್ಟರೂ ಅಷ್ಟೊಂದು ಬೂದಿ ಉಳಿಯೋದು ಎಲ್ಲಾ ಇದರಿಂದಲೇ. ಹೂವಿನ ಗಿಡ ಒಣಗಿದರೆ ಕುಸಿದು ಬೀಳುತ್ತೆ. ಹುಲ್ಲು ಮೂರು ತಿಂಗಳು ನಿಂತಿರುತ್ತೆ, ಗಾಳಿಗೆ ಸದ್ದೂ ಮಾಡುತ್ತೆ.

ಈಗ ನೀರಿನ ಮಾತು. ನಮ್ಮ ಕಡೆ ಫಾರ್ಮ್‌ಹೌಸ್ ಅಂದ ತಕ್ಷಣ ಎಲ್ಲರೂ ಮೊದಲು ಹಾಕಿಸೋದು ಲಾನ್. ಲೆಕ್ಕ ಮಾಡಿ ನೋಡಿ. ಸಾವಿರ ಚದರ ಅಡಿ ಲಾನ್ ಅಂದರೆ ಸುಮಾರು 93 ಚದರ ಮೀಟರ್. ಬೇಸಿಗೆ ಹತ್ತಿರವಾಗುತ್ತಿದ್ದ ಹಾಗೆ ಅದನ್ನು ಹಸಿರಾಗಿಡೋಕೆ ದಿನಕ್ಕೆ 4 ಮಿಲಿಮೀಟರ್ ನೀರು ಅಂತ ಇಟ್ಟುಕೊಂಡರೂ, 370 ಲೀಟರ್ ಆಯಿತು. ತಿಂಗಳಿಗೆ ಹನ್ನೊಂದು ಸಾವಿರ ಲೀಟರ್. ಮಂಡ್ಯ ಜಿಲ್ಲೆ ಅಂದ ತಕ್ಷಣ ಎಲ್ಲರಿಗೂ ಕನ್ನಂಬಾಡಿ ಕಟ್ಟೆ, ನಾಲೆ ಕಣ್ಣಿಗೆ ಬರುತ್ತೆ. ಹಲಗೂರು ಹೋಬಳಿಯಲ್ಲಿ ಮಳೆ ಮತ್ತು ಬೋರ್‌ವೆಲ್ ನಂಬಿಕೊಂಡ ಜಮೀನುಗಳು ಬೇಕಾದಷ್ಟಿವೆ. ಪಕ್ಕದ ಹೊಲದವನು ರೇಷ್ಮೆಗೆ, ರಾಗಿಗೆ ನೀರು ನೋಡ್ತಾ ಇರುವಾಗ ನೀವು ಹುಲ್ಲುಹಾಸಿಗೆ ಟ್ಯಾಂಕರ್ ತರಿಸಿದರೆ ಊರಿನಲ್ಲಿ ಏನು ಹೆಸರು ಬರುತ್ತೆ ಯೋಚನೆ ಮಾಡಿ. ಅಂದ ಹಾಗೆ, ಲಾನ್‌ಗೆ ಅಂತ ಬರ್ಮುಡಾ ಗ್ರಾಸ್ ಹೆಸರಿನಲ್ಲಿ ಮಾರ್ತಾರಲ್ಲ, ಅದು ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ಅದು ನೀರಿಲ್ಲದಿದ್ದರೆ ಸಾಯಲ್ಲ, ಕಂದು ಬಣ್ಣಕ್ಕೆ ತಿರುಗಿ ಮಲಗುತ್ತೆ, ಮೊದಲ ಮಳೆಗೆ ಎದ್ದು ಕೂರುತ್ತೆ. ಮಲಗೋಕೆ ಬಿಡಬೇಕು ಅಷ್ಟೆ.

ಎತ್ತರದ ಹುಲ್ಲಿನ ತೋಟ ಇದಕ್ಕೆ ತಿರುಗುಮುರುಗು. ಮೊದಲ ವರ್ಷ ಬೇರು ಹಿಡಿಯುವ ತನಕ ನೀರು ಕೊಟ್ಟರೆ ಆಮೇಲೆ ಮಳೆಯೇ ಸಾಕು. ಚಳಿಗಾಲದಲ್ಲಂತೂ ನೀರು ಹಾಕಲೇಬಾರದು, ಹಾಕಿದರೆ ಹುಲ್ಲು ಹೊಂಬಣ್ಣಕ್ಕೆ ತಿರುಗೋದೇ ಇಲ್ಲ.

ಯಾವ ಹುಲ್ಲು? ನನ್ನ ಪ್ರಕಾರ ಮೊದಲ ಹೆಸರು ಲಾವಂಚ. ಬೇರಿನ ವಾಸನೆಗೆ ಎಲ್ಲರಿಗೂ ಗೊತ್ತು, ತೋಟದ ಗಿಡ ಅಂತ ನೋಡಿದವರು ಕಡಿಮೆ. ಆಳೆತ್ತರದ ಗುಪ್ಪೆ, ಬಾಗಿದ ಎಲೆ, ನೇರಳೆ ಛಾಯೆಯ ತೆನೆ. ಬೇರು ಅಕ್ಕಪಕ್ಕ ಓಡದೆ ನೆಟ್ಟಗೆ ಕೆಳಗೆ ಹೋಗುತ್ತೆ, ಒಳ್ಳೆ ಮಣ್ಣಿದ್ದರೆ ಮೂರು ಮೀಟರ್ ಆಳದವರೆಗೂ. ಹಾಗಾಗಿ ಬೇರೆಯದೆಲ್ಲ ಒಣಗಿದ ಮೇಲೂ ಇದರಲ್ಲಿ ಹಸಿರು ಉಳಿದಿರುತ್ತೆ. ನಾಟಿಗೆ ಬಳಸುವ ದಕ್ಷಿಣದ ತಳಿಗಳು ಬೀಜದಿಂದ ಹರಡೋದಿಲ್ಲ, ಬುಡ ಸೀಳಿ ನೆಟ್ಟರೆ ಮಾತ್ರ ಹೊಸ ಗಿಡ. ಇದಕ್ಕೊಂದು ನಮ್ಮ ಸೀಮೆಯದೇ ಕಥೆ ಇದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ರಿಚರ್ಡ್ ಗ್ರಿಮ್‌ಶಾ, ಜಾನ್ ಗ್ರೀನ್‌ಫೀಲ್ಡ್ ಎನ್ನುವ ಕೃಷಿ ತಜ್ಞರು ಮಣ್ಣಿನ ಕೊಚ್ಚಣೆ ತಡೆಯೋಕೆ ಲಾವಂಚದ ಬೇಲಿ ನೆಡಿ ಅಂತ ಪ್ರಚಾರ ಶುರು ಮಾಡಿದರು. ನೋಡಿದರೆ, ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಅದನ್ನೇ ನೆಟ್ಟುಕೊಂಡಿದ್ದರು. ನಿಮ್ಮ ಜಮೀನು ಇಳಿಜಾರಿದ್ದರೆ ಇಳಿಜಾರಿಗೆ ಅಡ್ಡಲಾಗಿ ಒಂದು ಸಾಲು ಹಾಕಿ. ತೋಟವೂ ಆಯಿತು, ಮಣ್ಣೂ ನಿಂತಿತು.

ಎರಡನೆಯದು ಮಜ್ಜಿಗೆ ಹುಲ್ಲು, ನಿಂಬೆ ಹುಲ್ಲು ಅಂತಲೂ ಕರೀತಾರೆ. ಇದು ತೆನೆ ಬಿಡೋದು ಅಪರೂಪ, ಆದರೆ ನಡೆಯುವ ದಾರಿಯ ಅಂಚಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕಾಲು ತಾಗಿದರೆ ಪರಿಮಳ, ಚಳಿಗೆ ಕಷಾಯಕ್ಕೂ ಆಯಿತು. ಬೆಟ್ಟದ ಕಡೆ ತಾನಾಗಿ ಬೆಳೆಯುವ ಕಾಚಿ ಹುಲ್ಲು ಇದರ ನೆಂಟ. ಅದು ಮಾಗಿಯಲ್ಲಿ ತಾಮ್ರದ ಬಣ್ಣಕ್ಕೆ ತಿರುಗುತ್ತೆ. ನಿಮ್ಮ ಜಮೀನಿನ ಬದುವಿನಲ್ಲಿ ಈಗಾಗಲೇ ಇದ್ದರೆ, ದಯವಿಟ್ಟು ಜೆಸಿಬಿ ತರಿಸುವ ಮೊದಲು ಅದರ ಗುಪ್ಪೆಗಳನ್ನು ಗುರುತು ಮಾಡಿ ಉಳಿಸಿಕೊಳ್ಳಿ. ಪೊರಕೆಗೆ ಬಳಸುವ ಹಂಚಿಕಡ್ಡಿ ಹುಲ್ಲಿಗೂ ಇದೇ ಮಾತು. ಬಂಡೆ ಸಂದಿಯ ಬಡಕಲು ಮಣ್ಣಿನಲ್ಲೂ ಬರುತ್ತೆ, ಹಿಂದಿನಿಂದ ಬೆಳಕು ಬಿದ್ದರೆ ಹೊಗೆ ನಿಂತ ಹಾಗೆ ಕಾಣುತ್ತೆ. ಕಾಡಿಗೆ ಹೋಗಿ ಕಿತ್ತು ತರಬೇಡಿ, ಅದು ಅಭಯಾರಣ್ಯ, ಕಾನೂನಿಗೂ ವಿರುದ್ಧ.

ಆಮೇಲೆ ಸಜ್ಜೆ. ನಗಬೇಡಿ. 2003ರಲ್ಲಿ ಅಮೆರಿಕದಲ್ಲಿ ಹೊಸ ತೋಟದ ಗಿಡಗಳಿಗೆ ಕೊಡುವ ಆಲ್ ಅಮೆರಿಕಾ ಸೆಲೆಕ್ಷನ್ಸ್ ಚಿನ್ನದ ಪದಕ ಗೆದ್ದದ್ದು ಪರ್ಪಲ್ ಮೆಜೆಸ್ಟಿ ಅನ್ನುವ ಗಿಡ. ಅದು ಕಡುನೇರಳೆ ಎಲೆಯ ಸಜ್ಜೆ, ಬೇರೇನೂ ಅಲ್ಲ. ನಾವು ರೊಟ್ಟಿ ತಟ್ಟುವ ಧಾನ್ಯ ಅಲ್ಲಿ ಕುಂಡದಲ್ಲಿ ಅಲಂಕಾರಕ್ಕೆ ಕೂತಿದೆ. ಸೆಪ್ಟೆಂಬರ್ ಮಳೆಗೆ ನಾಲ್ಕು ಸಾಲು ನಾಟಿ ಸಜ್ಜೆ, ಎರಡು ಸಾಲು ನವಣೆ ಚೆಲ್ಲಿದರೆ ಡಿಸೆಂಬರ್‌ಗೆ ತೆನೆ ತೂಗುತ್ತೆ. ಬಾಗಿದ ನವಣೆ ತೆನೆಯ ಮೇಲೆ ರಾಟವಾಳ ಹಕ್ಕಿಗಳ ಗುಂಪು ಬಂದು ಕೂತರೆ, ಅದಕ್ಕಿಂತ ಅಲಂಕಾರ ಬೇಕಾ? ಹೊಲದಲ್ಲಾದರೆ ಹಕ್ಕಿ ಓಡಿಸಬೇಕು, ತೋಟದಲ್ಲಿ ಸುಮ್ಮನೆ ಕೂತು ನೋಡಬಹುದು.

ಇವುಗಳ ನಡುವೆ ಬಣ್ಣಕ್ಕೆ ಹುಚ್ಚೆಳ್ಳು, ತಂಗಡಿ, ಸೇವಂತಿಗೆ. ಅಂಚಿಗೆ ಒಂದು ಸಾಲು ಅವರೆ ಇರಲಿ, ಸೊಗಡಿನ ಕಾಲಕ್ಕೆ ಸರಿಯಾಗಿ ಬರುತ್ತೆ. ಹುಲ್ಲನ್ನು ಒಂದೊಂದೇ ಗಿಡವಾಗಿ ಚುಕ್ಕಿ ಇಟ್ಟ ಹಾಗೆ ನೆಟ್ಟರೆ ಕಳೆ ತರಹ ಕಾಣುತ್ತೆ. ಒಂದೇ ಜಾತಿಯದು ಏಳೆಂಟು ಗುಪ್ಪೆ ಒಟ್ಟಿಗೆ ಇರಬೇಕು, ಪಕ್ಕದಲ್ಲಿ ಒಂದು ಬಂಡೆಯೋ ಕಲ್ಲು ಬೆಂಚೋ ಇರಬೇಕು. ಬೆಳಗಿನ ಅಥವಾ ಸಂಜೆಯ ಬಿಸಿಲು ಹುಲ್ಲಿನ ಹಿಂದಿನಿಂದ ಬೀಳುವ ಹಾಗೆ, ನೀವು ಕೂರುವ ಜಾಗ ಈ ಕಡೆ. ಮುಕ್ಕಾಲು ಚೆಂದ ಬರೋದು ಬೆಳಕಿನಿಂದ.

ಯಾವುದು ಬೇಡ ಅನ್ನೋದು ಇನ್ನೂ ಮುಖ್ಯ. ಬೆಂಗಳೂರಿನ ನರ್ಸರಿಗಳಲ್ಲಿ ಫೌಂಟನ್ ಗ್ರಾಸ್ ಅಂತ ಕೊಡ್ತಾರೆ, ನರಿಬಾಲದ ಹಾಗೆ ತೆನೆ. ಉತ್ತರ ಆಫ್ರಿಕಾ, ಅರಬ್ ಸೀಮೆಯ ಹುಲ್ಲು. ಹಸಿರು ಎಲೆಯ ಜಾತಿ ಗಾಳಿಯಲ್ಲಿ ಬೀಜ ಹಾರಿಸಿ ಹರಡುತ್ತೆ, ಬೆಂಕಿ ಬಿದ್ದರೆ ಬುಡದಿಂದ ಎಲ್ಲಕ್ಕಿಂತ ಮೊದಲು ಚಿಗುರುತ್ತೆ. ಹವಾಯಿ ದ್ವೀಪಗಳಲ್ಲಿ ದೊಡ್ಡ ಪಿಡುಗಾಗಿದೆ. ಐರೋಪ್ಯ ಒಕ್ಕೂಟ 2017ರಲ್ಲಿ ಇದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ಕೆಂಪು ಎಲೆಯ ತಳಿ ಹೆಚ್ಚಾಗಿ ಬೀಜ ಕಟ್ಟಲ್ಲ ನಿಜ, ಆದರೆ ಕಾಡಿನ ಅಂಚಿನಲ್ಲಿ ನನಗೆ ಆ ಜೂಜೂ ಬೇಡ. ಮದುವೆ ಮಂಟಪಕ್ಕೆ ಸಿಗಿಸುವ ಪಂಪಾಸ್ ಹುಲ್ಲೂ ಬೇಡ. ಅಲಂಕಾರಕ್ಕೆ ಅಂತ ತಂದದ್ದು ಏನು ಮಾಡುತ್ತೆ ಅಂತ ನೋಡಬೇಕಾದರೆ ಮಲೆ ಮಹದೇಶ್ವರ ಬೆಟ್ಟದ ಕಾಡಿಗೆ ಹೋಗಿ ಬನ್ನಿ. ಅಲ್ಲಿ ತುಂಬಿಕೊಂಡಿರುವ ಲಂಟಾನ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಚೆಂದದ ಹೂವು ಅಂತಲೇ ಈ ದೇಶಕ್ಕೆ ಬಂದದ್ದು.

ಇನ್ನೊಂದು ಎಚ್ಚರ ಆನೆಯದು. ಮುತ್ತತ್ತಿ ಕಾಡಿಗೆ ಹತ್ತಿರ ಇದ್ದೀರಿ ಅಂದರೆ ಬಿದಿರು, ಕಬ್ಬು, ನೇಪಿಯರ್ ಮೇವನ್ನು ಮನೆ ಹತ್ತಿರ ಬೆಳೆಯಬೇಡಿ. ಸಜ್ಜೆಯೂ ಅಷ್ಟೇ, ತೀರಾ ಕಾಡಂಚಾದರೆ ಬಿಡಿ. ಹೊಳೆದಂಡೆಯಲ್ಲಿ ಬೆಳ್ಳಗೆ ಅರಳುವ ಕಾಡುಕಬ್ಬು ಕಣ್ಣಿಗೆ ಬಹಳ ಚೆಂದ, ಆದರೆ ನೆಲದೊಳಗೆ ಬೇರು ಓಡಿಸಿಕೊಂಡು ಪಕ್ಕದವರ ಹೊಲಕ್ಕೂ ಹೋಗುತ್ತೆ. ಅದನ್ನು ಹೊಳೆದಂಡೆಗೇ ಬಿಡಿ. ಅದರ ಮೇಲೆ ನನಗೆ ಗೌರವ ಇದೆ. ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಇದೇ ಕಾಡುಕಬ್ಬನ್ನು ನಾಡಕಬ್ಬಿನ ಜೊತೆ ಸೇರಿಸಿ ಕೋ 205 ಅನ್ನೋ ತಳಿ ಮಾಡಿದ ಮೇಲೆಯೇ ಭಾರತದ ಕಬ್ಬಿನ ದಿಕ್ಕು ಬದಲಾದದ್ದು. ತೋಟಕ್ಕೆ ಮಾತ್ರ ಬೇಡ.

ಈಗ ಅಮ್ಮನ ಮಾತಿಗೆ ಬರೋಣ. ಒಣಹುಲ್ಲು ಅಂದರೆ ಹಳ್ಳಿಯವರಿಗೆ ಮೊದಲು ಮೇವು, ಎರಡನೆಯದು ಹಾವು, ಮೂರನೆಯದು ಬೆಂಕಿ. ಸಂಕ್ರಾಂತಿ ಸಂಜೆ ದನಗಳಿಗೆ ಕಿಚ್ಚು ಹಾಯಿಸೋದನ್ನು ನೋಡಿದ್ದೀರಲ್ಲ, ಒಂದು ಹೊರೆ ಹುಲ್ಲು ಎಷ್ಟು ಹೊತ್ತಿನಲ್ಲಿ ಆಳೆತ್ತರ ಉರಿಯುತ್ತೆ? ಮನೆಗೋಡೆಯ ಪಕ್ಕ ಅಂಥ ಐವತ್ತು ಹೊರೆ ನಿಲ್ಲಿಸಿಕೊಂಡು ಮಾರ್ಚ್‌ವರೆಗೆ ಕಾಯಿರಿ ಅಂತ ಜರ್ಮನ್ ಪುಸ್ತಕ ಹೇಳುತ್ತೆ. ಅಲ್ಲಿ ಮಾರ್ಚ್ ಅಂದರೆ ಒದ್ದೆ ನೆಲ. ಇಲ್ಲಿ ಮಾರ್ಚ್ ಅಂದರೆ ಕಾಡ್ಗಿಚ್ಚಿನ ನಡುಮಧ್ಯ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಅಭಯಾರಣ್ಯ ನಿಮ್ಮ ಬೇಲಿಯಾಚೆ ಇದೆ. ರಸ್ತೆಯಲ್ಲಿ ಹೋಗುವವರು ಎಸೆದ ಒಂದು ಬೀಡಿ ತುಂಡು ಸಾಕು, ನಿಮ್ಮ ತೋಟದಿಂದ ಕಾಡಿಗೆ, ಇಲ್ಲ ಕಾಡಿನಿಂದ ನಿಮ್ಮ ಮನೆಗೆ.

2023ರ ಆಗಸ್ಟ್‌ನಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಲಹೈನಾ ಅನ್ನುವ ಊರೇ ಸುಟ್ಟುಹೋಯಿತು, ನೂರರ ಆಸುಪಾಸು ಜನ ಸತ್ತರು. ಬೆಂಕಿಗೆ ಮೇವಾದದ್ದರಲ್ಲಿ ದೊಡ್ಡ ಪಾಲು ಊರಿನ ಸುತ್ತಿನ ಒಣಹುಲ್ಲಿನದು. ಹಿಂದೆ ಕಬ್ಬಿನ ತೋಟವಾಗಿದ್ದ ಭೂಮಿ, ಕಾರ್ಖಾನೆ ಮುಚ್ಚಿದ ಮೇಲೆ ಪಾಳು ಬಿದ್ದು ಗಿನಿ ಹುಲ್ಲು ತುಂಬಿಕೊಂಡಿತ್ತು. ಆ ಗಿನಿ ಹುಲ್ಲನ್ನು ನಾವೂ ಮೇವಿಗೆ ಬೆಳೀತೀವಿ. ಕೊಯ್ಯುವ ಕೈ ಇರುವ ತನಕ ಅದು ಮೇವು.

ಕೊಯ್ಯುವ ಕಾಲದ ವಿಷಯದಲ್ಲಿ ನಮ್ಮ ಕಾಡಿನ ಜನರಿಗೆ ಹಳೇ ತಿಳಿವಳಿಕೆ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಅಂತ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಬೇಸಿಗೆ ಬಲಿಯುವ ಮೊದಲೇ, ತರಗು ಇನ್ನೂ ಕಡಿಮೆ ಇರುವಾಗ ನೆಲಮಟ್ಟದಲ್ಲಿ ಸಣ್ಣ ಬೆಂಕಿ ಹಾಯಿಸೋದು. ದೊಡ್ಡ ಕಿಚ್ಚಿಗೆ ಆಮೇಲೆ ತಿನ್ನೋಕೆ ಏನೂ ಉಳಿದಿರಲ್ಲ. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು, ಆ ಮೇಲೆ ಲಂಟಾನ ಹೆಚ್ಚಾದದ್ದಕ್ಕೆ ಇದೂ ಒಂದು ಕಾರಣ ಅಂತ ಸೋಲಿಗರು ಹೇಳ್ತಾರೆ. ನೀವು ತೋಟದಲ್ಲಿ ಬೆಂಕಿ ಹಾಕಿ ಅಂತ ನಾನು ಹೇಳ್ತಾ ಇಲ್ಲ, ಖಂಡಿತಾ ಹಾಕಬೇಡಿ. ಹುಲ್ಲು ಪೂರಾ ಒಣಗಿ ಬಿಸಿಲು ಏರುವ ಮೊದಲೇ ಮುಗಿಸಿಬಿಡೋ ಆ ಲೆಕ್ಕ ಇದೆಯಲ್ಲ, ಅದನ್ನು ಕುಡುಗೋಲಿನಿಂದ ಮಾಡಿ.

ನಾನು ಹಾಕಿಕೊಡುವ ಕ್ಯಾಲೆಂಡರ್ ಹೀಗೆ. ಜೂನ್, ಜುಲೈ ಮಳೆಗೆ ಬುಡ ಸೀಳಿ ನಾಟಿ, ಲಾವಂಚದ ಬೇಲಿಗಾದರೆ ಗೇಣಿಗೊಂದು, ತೋಟದ ಗುಪ್ಪೆಗಾದರೆ ಮೂರು ಅಡಿಗೊಂದು. ನವೆಂಬರ್‌ನಿಂದ ಸಂಕ್ರಾಂತಿವರೆಗೆ ನೋಡುವ ಕಾಲ, ಮುಟ್ಟಬೇಡಿ. ಸಂಕ್ರಾಂತಿ ಮುಗಿದ ವಾರ ಬೇಲಿ ಪಕ್ಕದ್ದು, ರಸ್ತೆ ಪಕ್ಕದ್ದು, ಕಾಡಿನ ಕಡೆಯದು ಮೊದಲು ಕೊಯ್ಯಿರಿ. ಮನೆ ಎದುರಿಗಿನ ಗುಪ್ಪೆಗಳನ್ನು ಶಿವರಾತ್ರಿವರೆಗೆ ಇಟ್ಟುಕೊಳ್ಳಿ, ಚಳಿ ಶಿವಶಿವಾ ಅಂತ ಹೊರಟ ದಿನ ಅವೂ ಹೋಗಬೇಕು. ಬುಡದಿಂದ ಒಂದು ಗೇಣು ಬಿಟ್ಟು ಕೊಯ್ಯಿರಿ, ತೀರಾ ನೆಲಕ್ಕೆ ಸವರಿದರೆ ಬುಡ ಕೊಳೆಯಬಹುದು. ಕೊಯ್ದದ್ದನ್ನು ಸುಡಬೇಡಿ. ತೆಂಗಿನ ಬುಡಕ್ಕೆ, ಮಾವಿನ ಬುಡಕ್ಕೆ ಮುಚ್ಚಿಗೆ ಹಾಕಿ ಮೇಲೆ ಒಂದಿಷ್ಟು ಮಣ್ಣು ಎಳೆಯಿರಿ. ಸಜ್ಜೆ, ನವಣೆ ಕಡ್ಡಿಯನ್ನು ದನ ಇರುವವರಿಗೆ ಕೊಟ್ಟುಬಿಡಿ, ಬೇಡ ಅನ್ನಲ್ಲ ಯಾರೂ.

ಮನೆ ಗೋಡೆಗೂ ಎತ್ತರದ ಹುಲ್ಲಿಗೂ ನಡುವೆ ಮೂವತ್ತು ಅಡಿಯಾದರೂ ಬರಿನೆಲ ಅಥವಾ ಗರಿಕೆ ಇರಲಿ. ಬೆಂಕಿಗೂ ಅದೇ ಮದ್ದು, ಹಾವಿಗೂ ಅದೇ. ಬಾಗಿಲ ಹತ್ತಿರ ಮಜ್ಜಿಗೆ ಹುಲ್ಲಿನ ಎರಡು ಕುಂಡಕ್ಕಿಂತ ಎತ್ತರದ್ದು ಯಾವುದೂ ಬೇಡ. ಸಂಜೆ ಹುಲ್ಲಿನ ನಡುವೆ ಓಡಾಡುವಾಗ ಬ್ಯಾಟರಿ ಹಿಡಿದುಕೊಳ್ಳಿ. ನಾಯಿ ಸಾಕಿದ್ದರೆ ಉಣ್ಣೆ ಹತ್ತಿದೆಯಾ ಅಂತ ಕಿವಿ ನೋಡಿ.

ಅಮ್ಮನಿಗೆ ಏನು ಹೇಳಬೇಕು ಅಂತ ಕೇಳಿದ್ದೀರಿ. ನವಣೆ ಬೀಜ ಅವರ ಕೈಗೇ ಕೊಟ್ಟು ಎಲ್ಲಿ ಚೆಲ್ಲಬೇಕು ಅಂತ ಅವರನ್ನೇ ಕೇಳಿ. ಕುಡುಗೋಲು ಯಾವತ್ತು ಹಾಕಬೇಕು ಅನ್ನೋದೂ ಅವರ ಮಾತಿನಂತೆಯೇ ಆಗಲಿ.

ಮುಂದಿನ ಸಂಚಿಕೆಯಲ್ಲಿ ಬೋರ್‌ವೆಲ್ ಮರುಪೂರಣದ ಬಗ್ಗೆ ಮಾತಾಡೋಣ.